ಬಂಡೆ ಹತ್ತುವ ಮೀನು: ವಿಡಿಯೋ ನಿಜ, ಊರು ಬೇರೆ

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕು. ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೋ ಓಡಾಡುತ್ತಿದೆ. ಹಳದಿ-ಕಪ್ಪು ಪಟ್ಟೆಯ ಸಣ್ಣ ಮೀಸೆ ಮೀನುಗಳು ಸಾವಿರಗಟ್ಟಲೆ ಸೇರಿ ಜಲಪಾತದ ಬಂಡೆ ಹತ್ತುತ್ತಿವೆ. ‘ನಮ್ಮ ಮಾಗೋಡು ಫಾಲ್ಸ್‌ನ ಅದ್ಭುತ’ ಎಂದು ಕೆಳಗೆ ಬರೆದಿದ್ದಾರೆ. ಇದು ನಿಜವಾ? ಮೀನು ಬಂಡೆ ಹತ್ತುವುದಾದರೂ ಹೇಗೆ? ಮೊದಲ ಮಳೆಗೆ ನಮ್ಮೂರ ಕೆರೆ ಕೋಡಿಯಲ್ಲೂ ಮೀನು ಹತ್ತುತ್ತವೆ, ಅವೂ ಇದೇ ಜಾತಿಯಾ? ಹುಬ್ಬಳ್ಳಿಯಲ್ಲಿ ಓದುತ್ತಿರುವ ಮಗ ಅಕ್ವೇರಿಯಂ ಇಟ್ಟಿದ್ದಾನೆ. ಇಂಥ ಮೀನು ಸಾಕಬಹುದಾ ಎಂದು ಕೇಳುತ್ತಿದ್ದಾನೆ.

ಉತ್ತರ: ವಿಡಿಯೋ ನಿಜ. ಊರು ಸುಳ್ಳು.

ನೀವು ಕಳಿಸಿದ ತುಣುಕನ್ನು ಅಲ್ಲಲ್ಲಿ ನಿಲ್ಲಿಸಿ ನೋಡಿದೆ. ಅಗಲವಾದ ಕಪ್ಪು ಪಟ್ಟೆಗಳು, ನಡುವೆ ಕಿತ್ತಳೆಗೆ ತಿರುಗುವ ಹಳದಿ, ಬೆರಳುದ್ದದ ಮೈ, ಚಪ್ಪಟೆ ತಲೆ. ಇದು ಬ್ರೆಜಿಲ್‌ನ ಮೀನು. ಹೆಸರು ರಯಾಕೊಗ್ಲಾನಿಸ್ ಪರಾನೆನ್ಸಿಸ್. ಇದರ ಇಡೀ ಕುಟುಂಬವೇ ದಕ್ಷಿಣ ಅಮೆರಿಕದ್ದು. ಮಾಗೋಡಿನಲ್ಲಿ ಇದು ಸಿಗುವ ಮಾತೇ ಇಲ್ಲ.

ಆ ದೃಶ್ಯ 2024ರ ನವೆಂಬರ್‌ನದ್ದು. ಬ್ರೆಜಿಲ್‌ನ ಮಾಟೊ ಗ್ರೊಸ್ಸೊ ಡೊ ಸುಲ್ ರಾಜ್ಯದಲ್ಲಿ ಅಕಿದಾವಾನಾ ಎಂಬ ನದಿ ಇದೆ. ಅಲ್ಲಿಯ ಜಲಪಾತದಲ್ಲಿ ಮೀನು ಬಂಡೆ ಹತ್ತುತ್ತಿರುವುದನ್ನು ಮೊದಲು ನೋಡಿದವರು ಪರಿಸರ ಕಾಯುವ ಪೊಲೀಸರು. ಸುದ್ದಿ ಕೇಳಿ ವಿಜ್ಞಾನಿಗಳು ಓಡಿ ಬಂದರು. ಉರಿಬಿಸಿಲಿನ ಹೊತ್ತಿನಲ್ಲಿ ಮೀನುಗಳು ಬಂಡೆಯ ನೆರಳಲ್ಲಿ ಅಡಗಿ ಕೂತಿದ್ದವು. ಸಂಜೆ ಆರರ ಸುಮಾರಿಗೆ ಬಿಸಿಲು ಇಳಿದ ಮೇಲೆ ಹತ್ತಲು ಶುರು ಮಾಡಿದವು. ಒಂದರ ಮೇಲೊಂದು ಏರಿ, ಜಾರಿ, ಮತ್ತೆ ಏರಿ, ನಾಲ್ಕು ಮೀಟರ್‌ವರೆಗಿನ ಗೋಡೆಗಳನ್ನು ದಾಟಿದವು. ಎದೆಯ ಎರಡು ಪಕ್ಕದ ಈಜುರೆಕ್ಕೆಗಳನ್ನು ಚಾಚಿ, ಹೊಟ್ಟೆಯನ್ನು ಬಂಡೆಗೆ ಒತ್ತಿ, ಬಾಲ ಆಡಿಸುತ್ತ ಮೇಲಕ್ಕೆ ಜರುಗುತ್ತವೆ. ಮೊಟ್ಟೆ ಇಡಲು ಹೊಳೆಯ ಮೇಲ್ಭಾಗಕ್ಕೆ ಹೊರಟಿರಬೇಕು ಎಂಬುದು ನೋಡಿದವರ ಅಂದಾಜು. ದಕ್ಷಿಣ ಗೋಳಾರ್ಧದಲ್ಲಿ ಆಗ ಮಳೆ ಹಿಡಿಯುವ ಸಮಯ.

ಇಷ್ಟು ಸೊಗಸಾದ ಸಂಗತಿಗೆ ಸುಳ್ಳು ಊರಿನ ಹೆಸರು ಯಾಕೆ ಅಂಟಿಸುತ್ತಾರೋ ಗೊತ್ತಿಲ್ಲ. ಆದರೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಏಕೆಂದರೆ ಬಂಡೆಗೆ ಕಚ್ಚಿಕೊಂಡು ಬದುಕುವ ಮೀಸೆ ಮೀನುಗಳು ನಮ್ಮ ಘಟ್ಟದಲ್ಲೂ ಇವೆ. ಅವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಷ್ಟೇ.

ಮೊದಲು ಹತ್ತುವ ವಿದ್ಯೆ ನೋಡೋಣ. ಅದರಲ್ಲಿ ಪಳಗಿದ ಮೀನು ಬ್ರೆಜಿಲ್‌ನದ್ದಲ್ಲ, ಆಂಡಿಸ್ ಪರ್ವತದ್ದು. ಹೆಸರು ಆಸ್ಟ್ರೊಬ್ಲೆಪಸ್. ಪನಾಮಾದಿಂದ ಬೊಲಿವಿಯಾವರೆಗೆ ಬೆಟ್ಟದ ತೊರೆಗಳಲ್ಲಿ ಇದರ 80ರ ಆಸುಪಾಸು ಪ್ರಭೇದಗಳಿವೆ. ಕೆಲವು ಸಮುದ್ರ ಮಟ್ಟದಿಂದ 3,000 ಮೀಟರ್‌ಗಿಂತ ಮೇಲೂ ಇರುತ್ತವೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಹೋಲಿಸಿಕೊಳ್ಳಿ. ಮೈಮೇಲೆ ಹುರುಪೆ ಇಲ್ಲ, ಮೂಳೆಯ ಕವಚವೂ ಇಲ್ಲ. ಬರೀ ಚರ್ಮ. ಬಾಯಿ ಮುಖದ ಮುಂದೆ ಇಲ್ಲ, ಕೆಳಗಿದೆ. ತುಟಿಗಳು ಅಗಲವಾಗಿ ಹರಡಿ ದುಂಡಗಿನ ತಟ್ಟೆ ಆಗಿವೆ. ಆ ತಟ್ಟೆಯನ್ನು ಬಂಡೆಗೆ ಒತ್ತಿ ಒಳಗಿನ ಒತ್ತಡ ಇಳಿಸಿದರೆ ಮೀನು ಅಲ್ಲೇ ಕಚ್ಚಿಕೊಳ್ಳುತ್ತದೆ.

ಆದರೆ ಬಾಯಿ ಒಂದೇ ಇದ್ದರೆ ಅಂಟಿಕೊಂಡು ಕೂರಬಹುದು, ಮೇಲೆ ಹೋಗಲು ಆಗುವುದಿಲ್ಲ. ಬಾಯಿ ಬಿಟ್ಟ ಕ್ಷಣ ಕೆಳಗೆ ಬೀಳಬೇಕು. ಆಸ್ಟ್ರೊಬ್ಲೆಪಸ್‌ನ ನಿಜವಾದ ಕರಾಮತ್ತು ಹೊಟ್ಟೆಯ ಕೆಳಗಿದೆ. ಮಿಕ್ಕ ಮೀನುಗಳಲ್ಲಿ ಹೊಟ್ಟೆಯ ಈಜುರೆಕ್ಕೆಗಳು ಕೂತಿರುವ ಮೂಳೆ ಇದ್ದಲ್ಲೇ ಇರುತ್ತದೆ. ಇದರಲ್ಲಿ ಆ ಮೂಳೆಯೇ ಸ್ನಾಯುಗಳ ಬಲದಿಂದ ಹಿಂದೆ ಮುಂದೆ ಜರುಗುತ್ತದೆ. ಜೊತೆಗೆ ಆ ರೆಕ್ಕೆಗಳ ತಳದಲ್ಲಿ ಚಿಕ್ಕ ಚಿಕ್ಕ ಗಟ್ಟಿ ಹಲ್ಲುಗಳಂಥ ಮುಳ್ಳುಗಳಿವೆ. ಅವು ಕಲ್ಲಿನ ಒರಟಿಗೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಮೀನು ಬಾಯಿಯಿಂದ ಹಿಡಿದು ಹೊಟ್ಟೆಯ ರೆಕ್ಕೆಗಳನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ರೆಕ್ಕೆಯಲ್ಲಿ ಗಟ್ಟಿಯಾಗಿ ಹಿಡಿದು, ಬಾಯಿ ಬಿಟ್ಟು, ತಲೆಯನ್ನು ಮೇಲಕ್ಕೆ ಚಾಚಿ ಮತ್ತೆ ಬಾಯಿ ಹಾಕುತ್ತದೆ. ನಿಮ್ಮ ಕಡೆ ಅಡಿಕೆ ಮರ ಹತ್ತುವವರು ಕೈಯಲ್ಲಿ ತಬ್ಬಿ ಕಾಲು ಎಳೆದುಕೊಳ್ಳುತ್ತಾರಲ್ಲ, ಆಮೇಲೆ ಕಾಲು ಒತ್ತಿ ಕೈ ಮೇಲೆ ಹಾಕುತ್ತಾರಲ್ಲ, ಹೆಚ್ಚು ಕಡಿಮೆ ಅದೇ ಲೆಕ್ಕ. ಎರಡು ಹಿಡಿತದಲ್ಲಿ ಒಂದು ಯಾವಾಗಲೂ ಬಂಡೆಯ ಮೇಲೆ ಇರುತ್ತದೆ.

ಆರ್. ಡಿ. ಓ. ಜಾನ್ಸನ್ ಎಂಬವರು ಕೊಲಂಬಿಯಾದ ಒಂದು ತೊರೆಯಲ್ಲಿ ಇದನ್ನು ಕಣ್ಣಾರೆ ನೋಡಿ 1912ರಲ್ಲಿ ಬರೆದಿಟ್ಟರು. ನೀರು ಕೊರೆದು ಮಾಡಿದ ಆಳವಾದ ಕಲ್ಲುಗುಂಡಿ. ಅದರ ಗೋಡೆಯ ಮೇಲೆ ಮೀನು ಸುಮಾರು 18 ಅಡಿ ಹತ್ತಿತು. ಗುಂಡಿಯ ಗೋಡೆ ಒಂದು ಕಡೆ ಹೊರಗಲ್ಲ, ಒಳಗೇ ವಾಲಿತ್ತು. ಅಲ್ಲೂ ಬೀಳಲಿಲ್ಲ.

ಇಲ್ಲೊಂದು ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಮೀನು ಉಸಿರಾಡುವುದು ಬಾಯಿಯಿಂದ ನೀರು ಎಳೆದು ಕಿವಿರಿನಿಂದ ಬಿಟ್ಟು, ಅಲ್ವಾ? ಬಾಯಿಯೇ ಕಲ್ಲಿಗೆ ಮುಚ್ಚಿಕೊಂಡಿದ್ದರೆ ಉಸಿರು ಎಲ್ಲಿಂದ? ಆಸ್ಟ್ರೊಬ್ಲೆಪಸ್ ಬಾಯಿಯ ದಾರಿಯನ್ನೇ ಬಿಟ್ಟುಬಿಟ್ಟಿದೆ. ಕಿವಿರಿನ ಮುಚ್ಚಳದ ಮೇಲ್ಭಾಗದಲ್ಲಿ ನೀರು ಒಳಗೆ ಬರಲು ಬೇರೆ ಕಾಲುವೆ ಇದೆ. ಮೇಲಿನಿಂದ ಒಳಗೆ, ಕೆಳಗಿನಿಂದ ಹೊರಗೆ. ಬಾಯಿ ಹಿಡಿಯುವ ಕೆಲಸ ಮಾಡುತ್ತಲೇ ಇರಬಹುದು.

ಇದರ ನೆಂಟನನ್ನು ನೀವು ನೋಡಬೇಕು ಎಂದರೆ ಆಂಡಿಸ್‌ಗೆ ಹೋಗಬೇಕಿಲ್ಲ. ಹುಬ್ಬಳ್ಳಿಯ ಯಾವುದೇ ಅಕ್ವೇರಿಯಂ ಅಂಗಡಿಗೆ ಹೋಗಿ. ಗಾಜಿಗೆ ಕಚ್ಚಿಕೊಂಡು ಪಾಚಿ ಕೆರೆಯುತ್ತ ಕೂತ ಕಂದು ಚುಕ್ಕೆಯ ‘ಸಕ್ಕರ್’ ಮೀನು ಇರುತ್ತದೆ. ಅದು ಟೆರಿಗೊಪ್ಲಿಕ್ತಿಸ್. ಆಸ್ಟ್ರೊಬ್ಲೆಪಸ್‌ಗೆ ಅತಿ ಹತ್ತಿರದ ಕುಟುಂಬದ್ದು, ಆದರೆ ಮೈತುಂಬ ಮೂಳೆಯ ಫಲಕ ಹೊದ್ದಿದೆ. ಗಾಜಿನ ಈಚೆ ಕಡೆಯಿಂದ ಅದರ ತಳ ಭಾಗ ಪೂರ್ತಿ ಕಾಣುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿ. ತುಟಿಯ ತಟ್ಟೆಯ ಮೇಲೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿರುತ್ತವೆ. ತಟ್ಟೆಯ ಎರಡು ಮೂಲೆಯಲ್ಲಿ ಗಿಡ್ಡ ಮೀಸೆ. ತಟ್ಟೆ ಅಲ್ಲಾಡದೆ ಕೂತಿರುತ್ತದೆ, ಆದರೆ ಮೀಸೆಯ ಬುಡದಲ್ಲಿ ಒಂದು ಸಣ್ಣ ಸಂದಿ ತೆರೆದು ಮುಚ್ಚಿ ಮಿಡಿಯುತ್ತದೆ. ಉಸಿರಿನ ನೀರು ಒಳಗೆ ಹೋಗುವುದು ಅಲ್ಲಿಂದಲೇ. ಬಾಯಿಯೊಳಗೆ ಒಂದು ಕವಾಟ ಇದ್ದು, ಹಿಡಿತದ ಕೋಣೆಯನ್ನೂ ಉಸಿರಿನ ದಾರಿಯನ್ನೂ ಬೇರೆ ಮಾಡುತ್ತದೆ. ಒಂದೇ ತೊಡಕಿಗೆ ಎರಡು ಕುಟುಂಬ ಎರಡು ಉಪಾಯ ಮಾಡಿಕೊಂಡಿವೆ. ನನಗಂತೂ ಆಂಡಿಸ್ ಮೀನಿನ ಉಪಾಯವೇ ಜಾಸ್ತಿ ಇಷ್ಟ.

ಆಸ್ಟ್ರೊಬ್ಲೆಪಸ್ ಬಗ್ಗೆ ಇನ್ನೊಂದು ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1802ರಲ್ಲಿ ಈಗಿನ ಈಕ್ವೆಡಾರ್‌ನಲ್ಲಿ ಇದ್ದರು. ಅಲ್ಲಿಯ ಜನ ಅವರಿಗೆ ಹೇಳಿದ್ದು, ಜ್ವಾಲಾಮುಖಿಗಳು ಮೀನು ಉಗುಳುತ್ತವೆ ಎಂದು! 1691ರಲ್ಲಿ ಇಂಬಾಬುರಾ ಪರ್ವತದಿಂದ ಇಬಾರಾ ಪಟ್ಟಣದ ಹತ್ತಿರಕ್ಕೆ ಎಷ್ಟು ಮೀನು ಬಂದು ಬಿದ್ದವೆಂದರೆ, ಅವು ಕೊಳೆತದ್ದರಿಂದಲೇ ಊರಿಗೆ ಜ್ವರ ಹಬ್ಬಿತು ಎಂದು ಜನ ನಂಬಿದ್ದರು. ಹಂಬೋಲ್ಟ್ ಅದನ್ನು ನಂಬಿ, ಬೆಟ್ಟದ ಹೊಟ್ಟೆಯಲ್ಲಿ ಕೆರೆಗಳಿರಬೇಕು ಎಂದು ಬರೆದರು. ಆ ಮೀನೇ ಈಗಿನ ಆಸ್ಟ್ರೊಬ್ಲೆಪಸ್ ಸೈಕ್ಲೋಪಸ್. ಬೆಟ್ಟದ ಮೈಮೇಲಿನ ತೊರೆಗಳಲ್ಲಿ ಈ ಮೀನು ತುಂಬಿರುತ್ತದೆ. ಜ್ವಾಲಾಮುಖಿ ಅಲುಗಿದಾಗ ಹಿಮ ಕರಗಿ, ಕೆಸರು ಕುಸಿದು, ತೊರೆಯನ್ನು ಮೀನಿನ ಸಮೇತ ಬಾಚಿಕೊಂಡು ಕೆಳಗೆ ತರುತ್ತದೆ. ಕೆಸರಿನಲ್ಲಿ ಸತ್ತ ಮೀನು ಕಂಡವರಿಗೆ ಬೆಟ್ಟವೇ ಕಾರಿದಂತೆ ಕಂಡಿತು. ಆಸ್ಟ್ರೊಬ್ಲೆಪಸ್ ಎಂಬ ಹೆಸರು ಕೊಟ್ಟವರೂ ಹಂಬೋಲ್ಟ್ ಅವರೇ, 1805ರಲ್ಲಿ.

ಈ ಕಥೆಯಲ್ಲೇ ನಿಮ್ಮ ಪ್ರಶ್ನೆಯ ತಿರುಳೂ ಇದೆ. ಬೆಟ್ಟದ ತೊರೆ ಮೀನನ್ನು ದಿನಾ ಕೆಳಕ್ಕೆ ತಳ್ಳುತ್ತಿರುತ್ತದೆ. ಅಲ್ಲಿ ಬದುಕುವ ಮೀನಿಗೆ ಮೊದಲ ಕೆಲಸ ಹತ್ತುವುದಲ್ಲ, ಕೊಚ್ಚಿಕೊಂಡು ಹೋಗದೆ ಇರುವುದು. ಹಿಡಿತ ಹುಟ್ಟಿದ್ದು ಅದಕ್ಕೆ. ಒಮ್ಮೆ ಗಟ್ಟಿ ಹಿಡಿತ ಸಿಕ್ಕಿತು ಎಂದರೆ, ಅದನ್ನೇ ಒಂದೊಂದು ಹೆಜ್ಜೆ ಮೇಲಕ್ಕೆ ಇಡುತ್ತ ಹೋದರೆ ಹತ್ತುವುದೂ ಬರುತ್ತದೆ. ಪ್ರವಾಹದಲ್ಲಿ ಕೆಳಗೆ ಬಿದ್ದ ಮೀನು ವಾಪಸ್ ಮನೆ ಸೇರಬೇಕಲ್ಲ? ಹಾಗಾಗಿ ಹತ್ತುವ ಮೀನು ಹುಡುಕುವವರು ಮೊದಲು ಹಿಡಿಯುವ ಮೀನು ಹುಡುಕಬೇಕು. ನಮ್ಮಲ್ಲಿ ಅಂಥದ್ದು ಇದೆ.

ಗ್ಲಿಪ್ಟೊಥೊರಾಕ್ಸ್ ಅದರ ಹೆಸರು. ಟರ್ಕಿಯಿಂದ ಇಂಡೊನೇಷ್ಯಾವರೆಗೆ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮ ಘಟ್ಟದಲ್ಲೂ ಹಲವು ಇವೆ. ಹೆಚ್ಚಿನವು ಅಂಗೈ ಅಗಲವೂ ಆಗುವುದಿಲ್ಲ. ಮೇಲಿನಿಂದ ನೋಡಿದರೆ ಕಲ್ಲಿನದೇ ಬಣ್ಣ, ಕಣ್ಣು ಚಿಕ್ಕದು, ಏನೂ ವಿಶೇಷ ಇಲ್ಲ. ಹೊಟ್ಟೆ ಮೇಲಾಗಿ ತಿರುಗಿಸಬೇಕು, ಆಗ ಗೊತ್ತಾಗುತ್ತದೆ. ಎದೆಯ ಮೇಲೆ, ಎರಡು ಈಜುರೆಕ್ಕೆಗಳ ನಡುವೆ, ಚರ್ಮ ಸಾಲು ಸಾಲಾಗಿ ಮಡಿಕೆ ಬಿದ್ದಿದೆ. ಒದ್ದೆ ಬೆರಳನ್ನು ತಲೆಯ ಕಡೆಯಿಂದ ಬಾಲದ ಕಡೆಗೆ ಸವರಿ, ಆಮೇಲೆ ಉಲ್ಟಾ ಸವರಿ ನೋಡಿದರೆ ಆ ಮಡಿಕೆಗಳ ಒರಟು ಕೈಗೆ ಸಿಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಡಿಕೆಗಳ ಅಂಚಿನಲ್ಲಿ ಚರ್ಮದ ಕೋಶಗಳೇ ಗಟ್ಟಿಯಾಗಿ ಕೊಕ್ಕೆಗಳಾಗಿವೆ. ಆಂಡಿಸ್ ಮೀನಿನ ತಟ್ಟೆಯ ಹಾಗೆ ಇದು ಸುತ್ತಲೂ ಮುಚ್ಚಿದ ಬಟ್ಟಲಲ್ಲ. ಇಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಘರ್ಷಣೆ. ಹೊಳೆಯ ರಭಸ ಮೀನನ್ನು ಕಲ್ಲಿಗೆ ಒತ್ತುತ್ತದೆ, ಕೊಕ್ಕೆಗಳು ಕಲ್ಲಿನ ಒರಟಿನಲ್ಲಿ ಕೂರುತ್ತವೆ. ನೀರು ಜೋರಾದಷ್ಟೂ ಹಿಡಿತವೂ ಜೋರು.

ಇಂಥ ಮೀನುಗಳ ಮೈಕಟ್ಟನ್ನು ನಮ್ಮ ದೇಶದಲ್ಲಿ ಗಂಭೀರವಾಗಿ ಓದಿದವರು ಸುಂದರಲಾಲ್ ಹೋರಾ. ಬೆಟ್ಟದ ತೊರೆಯ ಮೀನುಗಳ ದೇಹರಚನೆ ಬಗ್ಗೆ 1922ರಲ್ಲೇ ಬರೆದರು. ಮುಂದೆ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾದರು. ಹಿಮಾಲಯದ ತೊರೆಗಳಲ್ಲೂ ನಮ್ಮ ಘಟ್ಟದ ತೊರೆಗಳಲ್ಲೂ ಒಂದೇ ಥರದ ಮೀನುಗಳು, ನಡುವಿನ ಬಯಲಲ್ಲಿ ಇಲ್ಲವೇ ಇಲ್ಲ, ಇದು ಹೇಗೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಹಿಂದೊಂದು ಕಾಲದಲ್ಲಿ ಮಧ್ಯ ಭಾರತದ ಸಾತ್ಪುರ ಬೆಟ್ಟಸಾಲಿನ ಮೂಲಕ ತೊರೆಯಿಂದ ತೊರೆಗೆ ದಾಟಿ ಬಂದಿರಬೇಕು ಎಂದು ಅವರು ವಾದಿಸಿದರು. ಆ ವಾದವನ್ನು ಈಗ ಎಲ್ಲರೂ ಒಪ್ಪುವುದಿಲ್ಲ. ಆದರೆ ಪ್ರಶ್ನೆ ಇನ್ನೂ ಬಿಸಿಯಾಗಿಯೇ ಇದೆ.

ಅವರಿಗಿಂತಲೂ ಹಿಂದೆ, 1839ರಲ್ಲಿ, ವಿಲಿಯಂ ಹೆನ್ರಿ ಸೈಕ್ಸ್ ಎಂಬ ಸೇನಾಧಿಕಾರಿ ದಖ್ಖನ್ ಸೀಮೆಯ ಮೀನುಗಳನ್ನು ಪಟ್ಟಿ ಮಾಡಿದರು. ಗ್ಲಿಪ್ಟೊಥೊರಾಕ್ಸ್ ಲೋನಾ ಆ ಪಟ್ಟಿಯಲ್ಲಿದೆ. ಕರ್ನಾಟಕದ್ದೇ ಎನ್ನುವ ಪ್ರಭೇದವೂ ಒಂದಿದೆ, ಗ್ಲಿಪ್ಟೊಥೊರಾಕ್ಸ್ ಕುದುರೆಮುಖೆನ್ಸಿಸ್. ಕುದುರೆಮುಖದ ಹೊಳೆಯಿಂದ 2007ರಲ್ಲಿ ಹೆಸರು ಪಡೆಯಿತು. ಅಲ್ಲಿಯ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತ್ತು. ಮೀನಿಗೆ ಹೆಸರಿಟ್ಟದ್ದು ಅದಾದ ಮೇಲೆ. ಈಗ ಅದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ. ಇನ್ನು ಪಟ್ಟೆ ಮೀಸೆ ಮೀನೇ ಬೇಕು ಎಂದರೆ ಸೂಡೊಲಗುವಿಯಾ ಲಾಪಿಲ್ಲಿಕೋಲ ಇದೆ. ಕುಮಾರಧಾರಾ ನದಿಯ ಬೆಣಚುಕಲ್ಲುಗಳ ನಡುವಿನಿಂದ 2013ರಲ್ಲಿ ಹೆಸರು ಪಡೆದದ್ದು. ಒಂದೆರಡು ಇಂಚಿನ ಮೀನು. ಎದೆಯ ಮೇಲೆ ಅದಕ್ಕೂ ಮಡಿಕೆ ಇದೆ.

ಈಗ ನಿಮ್ಮ ಜಿಲ್ಲೆಯ ವಿಷಯ. ಕುದುರೆಮುಖದ ಕಡೆಯ ತುಂಗೆ, ಭದ್ರೆಯ ನೀರು ಕೂಡಲಿಯಲ್ಲಿ ಒಂದಾಗಿ, ರಾಣೆಬೆನ್ನೂರು ತಾಲ್ಲೂಕಿನ ಅಂಚು ಹಿಡಿದು ಹರಿದು, ಗಳಗನಾಥದಲ್ಲಿ ನಿಮ್ಮ ವರದೆಯನ್ನು ಕೂಡಿಸಿಕೊಂಡು, ಗದಗ ಜಿಲ್ಲೆಯ ಮುಂಡರಗಿ ಕಡೆ ಹೋಗುತ್ತದೆ. ಅಂದರೆ ಆ ಮೀನಿನ ಮನೆಯ ನೀರು ನಿಮ್ಮ ಜಿಲ್ಲೆಗೆ ಬರುತ್ತದೆ. ಮೀನು ಬರುವುದಿಲ್ಲ. ನಡುವೆ ಅಣೆಕಟ್ಟುಗಳಿವೆ ಎಂಬುದು ಒಂದು ಮಾತು. ಅಣೆಕಟ್ಟು ಕಟ್ಟುವ ಮೊದಲೂ ಅದು ಬಯಲಿನಲ್ಲಿ ನೆಲೆ ನಿಲ್ಲುತ್ತಿರಲಿಲ್ಲ.

ಕಾರಣ ಉಸಿರು. 20 ಡಿಗ್ರಿ ತಂಪಿನ ನೀರಿನ ಪ್ರತಿ ಲೀಟರ್‌ನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಬಯಲಿನಲ್ಲಿ ಏಪ್ರಿಲ್‌ನಲ್ಲಿ ನಿಂತ ಮಡುವಿನಲ್ಲಿ ಇನ್ನೂ ಕಡಿಮೆ ಇರುತ್ತದೆ. ತೊರೆಯ ಮೀನಿಗೆ ನೊರೆಯೊಡೆಯುವ ನೀರು ಬೇಕು. ಇನ್ನೊಂದು ಕಾರಣ ಕಲ್ಲು. ಮರಳು, ಹೂಳು, ಜೇಡಿ ಇದ್ದಲ್ಲಿ ಕೊಕ್ಕೆ ಹಾಕಲು ಏನೂ ಇಲ್ಲ. ಹಾಗಾಗಿ ಧಾರವಾಡದ ಕೆರೆಗಳಲ್ಲಿ, ಬೆಣ್ಣಿಹಳ್ಳದಲ್ಲಿ, ಬೇಸಿಗೆಗೆ ಬತ್ತುವ ಕಪ್ಪತಗುಡ್ಡದ ಹಳ್ಳಗಳಲ್ಲಿ ಇದನ್ನು ಹುಡುಕುವುದು ಸುಮ್ನೆ ಕಾಲಹರಣ.

ಮಾಗೋಡಿನ ಕಥೆ ಬೇರೆ. ಧಾರವಾಡದ ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲೆ, ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿಹಳ್ಳ, ಎರಡೂ ಕಲಘಟಗಿ ಸೀಮೆಯಲ್ಲಿ ಕೂಡಿ ಪಶ್ಚಿಮಕ್ಕೆ ತಿರುಗುತ್ತವೆ. ಯಲ್ಲಾಪುರದ ಕಾಡಿನಲ್ಲಿ ಸುಮಾರು 200 ಮೀಟರ್ ಎರಡು ಹಂತದಲ್ಲಿ ಧುಮುಕಿ, ಗಂಗಾವಳಿ ಆಗಿ ಅರಬ್ಬಿ ಸಮುದ್ರ ಸೇರುತ್ತವೆ. ಅಂಥ ಕಣಿವೆಯ ಪಕ್ಕದ ಹಳ್ಳಗಳಲ್ಲಿ ಕಲ್ಲಿಗೆ ಅಂಟುವ ಮೀನುಗಳಿಗೆ ಬೇಕಾದ ಎಲ್ಲವೂ ಇದೆ. ಆದರೆ ಘಟ್ಟದ ಗ್ಲಿಪ್ಟೊಥೊರಾಕ್ಸ್ ದೊಡ್ಡ ಜಲಪಾತವನ್ನು ಬುಡದಿಂದ ತುದಿಯವರೆಗೆ ಹತ್ತುವ ಮೀನಲ್ಲ. ಕಲ್ಲಿನ ಅಡಿಯಲ್ಲಿ ಕೂತು, ರಾತ್ರಿ ಹೊರಬಂದು ಹುಳ ತಿನ್ನುವ ಮೀನು. ಹಿಡಿತ ಇದೆ, ಗೋಡೆ ಏರುವ ಜರುಗುವ ಮೂಳೆ ಇಲ್ಲ. ನಮ್ಮ ಕರಾವಳಿಯ ನದಿಗಳಲ್ಲಿ ನಿಜವಾಗಿಯೂ ಒದ್ದೆ ಬಂಡೆ ಹತ್ತಬಲ್ಲ ಬಳಗ ಇನ್ನೊಂದಿದೆ, ಅವು ಮೀಸೆ ಮೀನುಗಳಲ್ಲ, ಗೋಬಿ ಎಂಬ ಬೇರೆಯೇ ಗುಂಪಿನ ಸಣ್ಣ ಮೀನುಗಳು. ಸಿಸಿಯೋಪ್ಟೆರಸ್ ಗ್ರಿಸಿಯಸ್ ಎಂಬುದು ಭಾರತದ ಪಶ್ಚಿಮ ಕರಾವಳಿಯದ್ದು. ಇದರ ಹವಾಯಿ ದ್ವೀಪದ ನೆಂಟರು ಬಾಯಿ ಮತ್ತು ಹೊಟ್ಟೆಯ ಬಟ್ಟಲನ್ನು ಸರದಿಯಲ್ಲಿ ಅಂಟಿಸುತ್ತ ನೂರು ಮೀಟರ್‌ಗೂ ಎತ್ತರದ ಜಲಪಾತ ಹತ್ತುತ್ತವೆ.

ಇವೆಲ್ಲ ಯಾಕೆ ಇಷ್ಟು ಚಿಕ್ಕ ಮೀನುಗಳು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೀನಿನ ಉದ್ದ ಎರಡು ಪಟ್ಟು ಆದರೆ ಅಂಟುವ ತಟ್ಟೆಯ ವಿಸ್ತೀರ್ಣ ನಾಲ್ಕು ಪಟ್ಟು ಆಗುತ್ತದೆ. ತೂಕ ಮಾತ್ರ ಎಂಟು ಪಟ್ಟು. ದೊಡ್ಡದಾದಷ್ಟೂ ಹಿಡಿತ ಸೋಲುತ್ತದೆ. ಹತ್ತಡಿ ಉದ್ದದ ಮೀನು ಜಲಪಾತ ಹತ್ತುವ ವಿಡಿಯೋ ಬಂದರೆ ನೋಡದೆಯೇ ಅಳಿಸಿ.

ಇನ್ನು ಕೋಡಿಯ ಮೀನು. ಅದು ಜಾತಿಯ ಹೆಸರಲ್ಲ, ಹೊತ್ತಿನ ಕೆಲಸ. ಮುಂಗಾರಿನ ಮೊದಲ ಹೊಸ ನೀರು, ಅದರ ತಂಪು, ಮಣ್ಣಿನ ವಾಸನೆ, ಏರುವ ಮಟ್ಟ ಎಲ್ಲ ಸೇರಿ ಮೊಟ್ಟೆ ತುಂಬಿದ ಮೀನುಗಳನ್ನು ಎಬ್ಬಿಸುತ್ತವೆ. ಮಲೆನಾಡಿನವರು ಅದನ್ನೇ ಹತ್ತುಮೀನು ಎನ್ನುತ್ತಾರೆ. ಗಿರ್ಲು, ಸಣ್ಣ ಪರಕೆಗಳು, ಚೇಳುಮೀನು, ಮುರುಗೋಡು, ಯಾವುದಾದರೂ ಇರಬಹುದು. ಇವು ಬಂಡೆ ಹಿಡಿದು ಹತ್ತುವುದಿಲ್ಲ. ತೆಳುವಾಗಿ ಹರಿಯುವ ನೀರಿಗೆ ಎದುರಾಗಿ ಬಾಲ ಬಡಿದು, ನೆಗೆದು ಹೋಗುತ್ತವೆ. ನೀರು ನಿಂತರೆ ಅಲ್ಲೇ ಸಿಕ್ಕಿಬೀಳುತ್ತವೆ. ಮುರುಗೋಡು ಮಾತ್ರ ಸ್ವಲ್ಪ ಗಟ್ಟಿಗ. ಕಿವಿರಿನ ಮೇಲೆ ಗಾಳಿ ಉಸಿರಾಡುವ ಅಂಗ ಇರುವುದರಿಂದ ಒದ್ದೆ ಹುಲ್ಲಿನ ಮೇಲೆ ಎದೆಯ ಮುಳ್ಳು ಊರಿ ತೆವಳಿ ಪಕ್ಕದ ಗದ್ದೆಗೆ ದಾಟುತ್ತದೆ. ಮಳೆಯ ರಾತ್ರಿ ರಸ್ತೆಯ ಮೇಲೆ ಮೀನು ಕಂಡೆ ಎನ್ನುವವರು ನೋಡಿದ್ದು ಸಾಮಾನ್ಯವಾಗಿ ಇದನ್ನೇ.

ಕೋಡಿಗೆ ಅಡ್ಡ ಬಲೆ ಕಟ್ಟಿ ಇಡೀ ಗುಂಪನ್ನು ಬಾಚುವ ಚಾಳಿ ಬಗ್ಗೆ ನನಗೆ ಸಿಟ್ಟಿದೆ. ಆ ಒಂದು ವಾರ ಸಿಗುವುದೆಲ್ಲ ಬಸಿರಿನ ಮೀನು. ಮುಂದಿನ ವರ್ಷದ ಮೀನನ್ನೂ ಅದೇ ಬುಟ್ಟಿಗೆ ಹಾಕಿದ ಹಾಗೆ. ಘಟ್ಟದ ಹಳ್ಳಗಳಲ್ಲಿ ಇನ್ನೂ ಕೆಟ್ಟದ್ದು ನಡೆಯುತ್ತದೆ. ಬೇಸಿಗೆಯ ಮಡುವಿಗೆ ಬ್ಲೀಚಿಂಗ್ ಪುಡಿ ಸುರಿಯುತ್ತಾರೆ. ತಿನ್ನುವ ನಾಲ್ಕು ಮೀನು ತೇಲುತ್ತವೆ, ಕಲ್ಲಡಿಯ ಇಂಥ ಮೀನುಗಳು ಯಾರ ಕಣ್ಣಿಗೂ ಬೀಳದೆ ಸಾಯುತ್ತವೆ. ಬೇಡ್ತಿ-ವರದಾ ನದಿ ಜೋಡಣೆಯ ಮಾತು ಬಂದಾಗ ನಿಮ್ಮ ಕಡೆ ನೀರಿನ ಲೆಕ್ಕ ಆಗುತ್ತದೆ, ಅದು ಸಹಜ. ಹಾವೇರಿ, ಗದಗದ ಹೊಲಗಳ ಬಾಯಾರಿಕೆ ನನಗೂ ಗೊತ್ತು. ಆದರೆ ಪಶ್ಚಿಮಕ್ಕೆ ಹರಿಯುವ ಹೊಳೆಯ ಮೀನು ಮತ್ತು ಪೂರ್ವಕ್ಕೆ ಹರಿಯುವ ಹೊಳೆಯ ಮೀನು ಬೇರೆ ಬೇರೆಯಾಗಿ ಬೆಳೆದು ಬಂದವು. ತಡೆದ ಹೊಳೆಯಲ್ಲಿ ರಭಸ ಸಾಯುತ್ತದೆ, ರಭಸ ಸತ್ತರೆ ಕಲ್ಲಿನ ಮೇಲೆ ಹೂಳು ಕೂರುತ್ತದೆ. ಆ ಲೆಕ್ಕವನ್ನೂ ಕಾಗದದ ಮೇಲೆ ಇಡಬೇಕು.

ನಿಮಗೆ ನೋಡುವ ಆಸೆ ಇದ್ದರೆ ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಹೋಗಿ. ಆಗ ಘಟ್ಟದ ಹಳ್ಳಗಳ ನೀರು ತಿಳಿಯಾಗಿರುತ್ತದೆ. ಮೊಣಕಾಲುದ್ದ ನೀರು ಕಲ್ಲಿನ ನಡುವೆ ನೊರೆಯಾಗಿ ಓಡುವ ಜಾಗ ಹುಡುಕಿ. ಒಂದು ಕಲ್ಲು ಎತ್ತಿದರೆ ಹೇಗಿತ್ತೋ ಹಾಗೇ ವಾಪಸ್ ಇಡಿ. ಅದರ ಅಡಿಯಲ್ಲಿ ಮೊಟ್ಟೆ, ಹುಳ, ಎಲ್ಲ ಇರುತ್ತವೆ. ಮೀನು ಸಿಕ್ಕರೆ ನೀರು ತುಂಬಿದ ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ಕೆಳಗಿನಿಂದ ಎದೆಯ ಫೋಟೊ ತೆಗೆಯಿರಿ. ಮೇಲಿನಿಂದ ತೆಗೆದ ಫೋಟೊ ನೋಡಿ ಯಾರೂ ಪ್ರಭೇದ ಹೇಳಲಾರರು. ಹಳ್ಳದ ಹೆಸರು ಬರೆದುಕೊಂಡು ಮೀನನ್ನು ಅಲ್ಲೇ ಬಿಡಿ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ನೀರಿಗೆ ಕೈ ಹಾಕಬೇಡಿ.

ಮಗನಿಗೆ ಹೇಳಿ, ಇವು ಹುಬ್ಬಳ್ಳಿಯ ಅಕ್ವೇರಿಯಂಗೆ ಬೇಡ. ಮೇ ತಿಂಗಳಲ್ಲಿ ಮನೆಯೊಳಗಿನ ನೀರೇ 30 ಡಿಗ್ರಿ ಮುಟ್ಟುತ್ತದೆ. ತಂಪು ಮಾಡುವ ಯಂತ್ರ, ತೊರೆಯಷ್ಟು ರಭಸದ ಪಂಪು, ದಿನಾ ಜೀವಂತ ಹುಳ, ಇಷ್ಟು ಹೊಂದಿಸಿದರೂ ಕಾಡಿನಿಂದ ಹಿಡಿದು ತಂದ ಮೀನು ಬಹಳ ದಿನ ಉಳಿಯುವುದು ಕಷ್ಟ. ಗಾಜಿಗೆ ಅಂಟುವ ಮೀನೇ ಬೇಕು ಎಂದರೆ ಆನ್ಸಿಸ್ಟ್ರಸ್ ಕೇಳಲಿ. ಅಂಗಡಿಯವರು ಬ್ರಿಸಲ್‌ನೋಸ್ ಎನ್ನುತ್ತಾರೆ. ತೊಟ್ಟಿಯಲ್ಲೇ ಮರಿ ಮಾಡಿಸಿದ ಮೀನು, ಅಂಗೈ ಉದ್ದಕ್ಕಿಂತ ಹೆಚ್ಚು ಬೆಳೆಯುವುದಿಲ್ಲ, ಒಂದು ಮರದ ತುಂಡು, ಸೌತೆಕಾಯಿ ಹೋಳು ಹಾಕಿದರೆ ಆರಾಮವಾಗಿ ಇರುತ್ತದೆ. ಮಾಮೂಲಿ ಸಕ್ಕರ್ ಮರಿ ಅಗ್ಗ ಎಂದು ತರುವುದು ಬೇಡ. ಅದು ಒಂದಡಿ ಮೀರಿ ಬೆಳೆಯುತ್ತದೆ, ತೊಟ್ಟಿ ಸಾಲದೆ ಜನ ಅದನ್ನು ಕೆರೆಗೆ ಬಿಡುತ್ತಾರೆ. ಕೇರಳ, ತಮಿಳುನಾಡು, ಆಂಧ್ರದ ನೀರಿನಲ್ಲಿ ಹೀಗೇ ಸೇರಿಕೊಂಡು ಮೀನುಗಾರರ ಬಲೆ ಹರಿಯುತ್ತಿದೆ. ಮಗನ ಹತ್ತಿರ ಈಗಾಗಲೇ ಒಂದು ಇದ್ದರೆ ಅಂಗಡಿಗೇ ವಾಪಸ್ ಕೊಡಲಿ. ಉಣಕಲ್ ಕೆರೆಗೆ ಮಾತ್ರ ಬಿಡಬಾರದು.